ಎಲೆ ತೂಬಿಗೆ ಬರುವ ಹೊತ್ತು

ಡ್ರಾಯರನ್ನು ಮೊಣಕಾಲಿನಿಂದ ಗುದ್ದಿ ಮುಚ್ಚಿದವನು ನಾನೇ. ಒಳಗೆ ರಘುನಂದನನ ಬಲಗೈ ಇತ್ತು.

ಲಟಕ್ಕನೆ ಸದ್ದಾಯಿತು. ಅವನು ಮೊದಲು ಉಸಿರನ್ನು ಒಳಗೆಳೆದುಕೊಂಡ, ಆಮೇಲೆ ಕೂಗಿದ. ಸೋಮನಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಕೂಗು ಎರಡು ಸುತ್ತು ತಿರುಗಿತು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಓಡುತ್ತಲೇ ಇದ್ದವು.

"ಈ ಕೈ ಬೇಡ ಸಾರ್," ಅಂತ ಒಂದು ಗಳಿಗೆ ಮುಂಚೆ ಅವನು ಬೇಡಿಕೊಂಡಿದ್ದ. "ಈ ಹೆಬ್ಬೆಟ್ಟಿನ ಮೇಲೆ ಇಪ್ಪತ್ತಾರು ಗೇಟು ನಿಂತಿವೆ." ದುಡ್ಡಿನವರ ಜಂಬ ಅಂದುಕೊಂಡು ನಾನು ಇನ್ನೂ ಜೋರಾಗಿ ಗುದ್ದಿದ್ದೆ.

ನಾನು ಒಳ್ಳೆಯ ಪೊಲೀಸಲ್ಲ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಮೂರು ಮೆಮೊ ಕೊಟ್ಟು ಮೇಲಿನವರೇ ಅದನ್ನು ಹೇಳಿದ್ದಾರೆ. ಹನಕೆರೆ ಜಯಪ್ರಕಾಶನಿಗೆ ಕೈ ಮೊದಲು ಓಡುತ್ತೆ, ತಲೆ ಆಮೇಲೆ ಓಡುತ್ತೆ ಅಂತ ಇಲಾಖೆಯಲ್ಲಿ ನಗುತ್ತಾರೆ. ಆ ನಗು ಎಷ್ಟು ಸರಿ ಅನ್ನುವುದು ಗೊತ್ತಾಗಲು ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು.

ಬಾಗಿಲು ಕಾಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ದೇವಿರಮ್ಮ ಮುಖ ಆಚೆ ತಿರುಗಿಸಿಕೊಂಡಳು. "ಸಾಕು ಬುಡಿ ಸಾರ್," ಅಂದಳು. "ನಾಳೆ ಕೋರ್ಟ್‌ನಲ್ಲಿ ಇವ್ನು ಕೈ ಎತ್ತಿ ತೋರ್ಸುದ್ರೆ ನಮ್ ಕೇಸೇ ಬಿದ್ದೋಯ್ತದೆ."

ನಾನು ಸಾಕುಮಾಡಲಿಲ್ಲ.

ಹದಿನಾಲ್ಕು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ಬೆಳಕವಾಡಿಯ ತೂಬಿನಲ್ಲಿ, ಕಾಲುವೆಗೆ ನೀರು ಬಿಡುವ ನೀರುಗಂಟಿ ಸಿದ್ದರಾಜು ಸತ್ತಿದ್ದ. ಸತ್ತ ಅನ್ನುವುದು ವರದಿಯ ಮಾತು. ಬಗ್ಗಿ ನಿಂತಿದ್ದವನ ನಡುವಿನ ಮೇಲೆ ಕಬ್ಬಿಣದ ಗೇಟು ಕೂತು, ಅವನು ಎರಡು ಭಾಗವಾಗಿದ್ದ. ಗೇಟು ಎತ್ತಿಸಿ, ಎರಡನ್ನೂ ಒಂದೇ ಚಾಪೆಯ ಮೇಲೆ ಜೋಡಿಸಿ, ಅವನ ಹೆಂಡತಿ ಬರುವ ಮೊದಲು ಮೇಲೊಂದು ಪಂಚೆ ಹೊದಿಸಿದವನು ನಾನು.

ಆ ಗೇಟು ನಡೆಸುವ ಯಂತ್ರ ಮಾಡಿಕೊಟ್ಟದ್ದು ರಘುನಂದನನ ಕಂಪನಿ, ಈ ಶೆಡ್ಡೇ ಅದರ ಆಫೀಸು. ಹೆಣ ಸುಡುವ ಮೊದಲೇ ಅವನು ಒಂದು ನೋಟೀಸು ಅಂಟಿಸಿದ: ತಪ್ಪು ಪ್ರೋಗ್ರಾಮ್ ಬರೆದ ಸೌಮ್ಯಳದ್ದು, ಆಕೆಯನ್ನು ಕೆಲಸದಿಂದ ತೆಗೆದಿದ್ದೇವೆ. ನಾಲ್ಕನೆಯ ದಿನ ಊರವರು ಎರಡು ಟ್ರ್ಯಾಕ್ಟರಿನಲ್ಲಿ ಇಲ್ಲಿಗೆ ಬಂದರು. ಮಚ್ಚು, ಹಾರೆ, ಕೈಗೆ ಸಿಕ್ಕಿದ್ದು. ರಘುನಂದನ ಹಿಂಬಾಗಿಲಿನಿಂದ ಓಡಿದ. ತನ್ನ ಸಾಮಾನು ತೆಗೆದುಕೊಳ್ಳಲು ಬಂದಿದ್ದ ಸೌಮ್ಯ ಸಿಕ್ಕಿಬಿದ್ದಳು. ಹಣೆಗೆ ಏಳು ಹೊಲಿಗೆ.

ಇಪ್ಪತ್ತೊಂಬತ್ತು ವರ್ಷದ ಆ ಹುಡುಗಿ, ಮಳವಳ್ಳಿಯ ಮೇಷ್ಟರ ಮಗಳು, ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ್ದು ಯಾರು ಹೊಡೆದರು ಅಂತಲ್ಲ. "ನನ್ನ ಪ್ರೋಗ್ರಾಮ್ ಅವರನ್ನ ಕೊಂದಿದೆಯಾ ಸಾರ್? ಅದೊಂದು ಗೊತ್ತಾಗಬೇಕು," ಅಂದಳು. ಗೊತ್ತಾಗದೆ ಬದುಕುವ ಹಾಗಿರಲಿಲ್ಲ ಅವಳ ಮುಖ.

ಅದಕ್ಕೇ ರಘುನಂದನನಿಗೆ ಹೇಳದೆ ಅವಳ ಕೈಗೆ ಈ ಶೆಡ್ಡಿನ ಪರೀಕ್ಷೆ ಯಂತ್ರವನ್ನು ಕೊಟ್ಟೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಅವಳು ನನ್ನನ್ನು ಇದೇ ಮೇಜಿನ ಮುಂದೆ ಕೂರಿಸಿ ಎಲ್ಲ ತೋರಿಸಿದಳು.

ಗೇಟು ನಡೆಸುವ ಪೆಟ್ಟಿಗೆ ಮೂರು. ಒಂದು ಬೆಳಕವಾಡಿಯ ತೂಬಿನಲ್ಲಿ, ಒಂದು ಮಳವಳ್ಳಿಯ ಕಂಟ್ರೋಲ್ ರೂಮಿನಲ್ಲಿ, ಒಂದು ಮಂಡ್ಯದಲ್ಲಿ. ಕಟ್ಟು ನೀರಿನ ಸರದಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರಿನದು, ಮುಗಿದಾಗ, ಅಂದರೆ ಮಂಗಳವಾರ ಹನ್ನೆರಡಕ್ಕೆ, ಮಂಡ್ಯ ಮತ್ತು ಮಳವಳ್ಳಿ ಎರಡೂ ಸೇರಿ ಗೇಟು ಇಳಿಸು ಅನ್ನುತ್ತವೆ. ಗೇಟು ಪೂರ್ತಿ ಕೂರಬೇಕಾದರೆ ಅದು ಕೂರುವ ಕೊರಕಲಿನಲ್ಲಿ ಸಿಕ್ಕಿದ ಜೊಂಡನ್ನು ಮೊದಲು ಕೀಳಬೇಕು. ಅದಕ್ಕೇ ನೀರುಗಂಟಿ ಕೆಳಗಿಳಿಯುವುದು. ಇಳಿಯುವ ಮೊದಲು ಪೆಟ್ಟಿಗೆಯ ಕೆಂಪು ಗುಂಡಿ ಒತ್ತುತ್ತಾನೆ, ಕೆಂಪು ದೀಪ ಹತ್ತುತ್ತದೆ. ಆಳು ಒಳಗಿದ್ದಾನೆ ಅಂತ ಅರ್ಥ. ದೀಪ ಉರಿಯುವಷ್ಟು ಹೊತ್ತು ಯಾರು ಏನಂದರೂ ಗೇಟು ಕದಲಬಾರದು.

ಸಿದ್ದರಾಜು ಗುಂಡಿ ಒತ್ತಿಯೇ ಇಳಿದಿದ್ದ. ಎರಡೂ ಕಡೆಯ ದಾಖಲೆಯಲ್ಲಿ ಅದಿದೆ. ಆದರೂ ಗೇಟು ಬಿತ್ತು.

ಮೂರೂ ಪೆಟ್ಟಿಗೆಗಳು ಒಟ್ಟಿಗೇ ಮಾತಾಡುತ್ತವಂತೆ. ಯಾರ ಮಾತು ಯಾರಿಗೆ ಮೊದಲು ಮುಟ್ಟುತ್ತದೆ ಅನ್ನುವುದು ದಿನಕ್ಕೊಂದು ಥರ. ಸಿಗ್ನಲ್ಲು ಕೆಟ್ಟಿರಬಹುದು, ಕರೆಂಟು ಹೋಗಿರಬಹುದು. ಹಾಗಾಗಿ ಒಮ್ಮೆ ಆದ ಎಡವಟ್ಟು ಸಾವಿರ ಸಲ ಓಡಿಸಿದರೂ ಮತ್ತೆ ಆಗುವುದಿಲ್ಲ. ತಪ್ಪು ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ.

ಸೌಮ್ಯ ಕೆಲಸದಲ್ಲಿದ್ದಾಗಲೇ ಮೂರರ ನಕಲನ್ನೂ ಈ ಒಂದೇ ಯಂತ್ರದೊಳಗೆ ಕೂರಿಸಿದ್ದಳು. ಗಡಿಯಾರ ಅವಳದ್ದೇ, ಸಿಗ್ನಲ್ಲು ಅವಳದ್ದೇ. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮುಂದಿನ ಮಾತು ಯಾರದ್ದು ಅನ್ನುವುದನ್ನು ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಇಸ್ಪೀಟಿನ ಕಟ್ಟು ಕಲೆಸಿದ ಹಾಗೆ ಅಂದುಕೊಳ್ಳಿ ಸಾರ್ ಅಂದಳು. ಸಂಖ್ಯೆ ಬೇರೆಯಾದರೆ ಕಲೆಸುವುದೂ ಬೇರೆ. ಅದೇ ಸಂಖ್ಯೆ ಕೊಟ್ಟರೆ ಇವತ್ತೂ ನಾಳೆಯೂ ಹತ್ತು ವರ್ಷ ಬಿಟ್ಟೂ ಎಲೆಗಳು ಅದೇ ಸಾಲಿನಲ್ಲಿ ಬೀಳುತ್ತವೆ.

ಮೂರು ದಿನದಲ್ಲಿ ಅವಳು ನಾಲ್ಕು ಲಕ್ಷ ಸಂಖ್ಯೆ ಓಡಿಸಿದ್ದಳು. ಗೇಟು ಕದಲಿರಲಿಲ್ಲ. ಇನ್ನು ಬಿಡೋಣ ಅನ್ನುವಾಗ 418806 ಬಂತು.

ಆ ಸಂಖ್ಯೆಯಲ್ಲಿ ತೂಬಿನ ಪೆಟ್ಟಿಗೆಯ ಬ್ಯಾಟರಿ ವೈರು ಕಿತ್ತುಹೋಗಿ ನಲವತ್ತು ಸೆಕೆಂಡು ಪೆಟ್ಟಿಗೆ ಸತ್ತಿರುತ್ತದೆ. ಕೆಂಪು ದೀಪ ಆರುತ್ತದೆ. ವೈರು ಮತ್ತೆ ಕೂತಾಗ ಪೆಟ್ಟಿಗೆ ಎಲ್ಲ ಮರೆತು ಎದ್ದಿರುತ್ತದೆ. ಆಳು ಒಳಗಿದ್ದಾನೆ ಅನ್ನುವ ಮಾತು ವಾಪಸು ಬರುವ ಮೊದಲೇ, ಹನ್ನೆರಡು ಗಂಟೆಯಿಂದ ಕಾಯುತ್ತಿದ್ದ ಗೇಟು ಇಳಿಸು ಅನ್ನುವ ಮಾತು ಬಂದು ಮುಟ್ಟುತ್ತದೆ. ಗೇಟು ಬೀಳುತ್ತದೆ. ಆವತ್ತು ಮಂಡ್ಯದ ದಾಖಲೆಯಲ್ಲೂ ತೂಬಿನ ಪೆಟ್ಟಿಗೆ ಸರಿಯಾಗಿ ನಲವತ್ತು ಸೆಕೆಂಡು ಮಾತಾಡಿರಲಿಲ್ಲ.

ನನ್ನೆದುರಿಗೆ ಐದು ಸಲ ಓಡಿಸಿದಳು. ಐದು ಸಲವೂ ಹನ್ನೆರಡು ಗಂಟೆ ಏಳು ನಿಮಿಷ ನಲವತ್ತು ಸೆಕೆಂಡಿಗೆ ಗೇಟು ಬಿತ್ತು. ಒಂದೇ ಮಾತನ್ನು ಐದು ಸಲ ಒಂದೇ ಥರ ಹೇಳಿದ ಸಾಕ್ಷಿಯನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ.

"ಹಾಗಾದರೆ ತಪ್ಪು ನನ್ನದೇ," ಅಂದಳು ಸೌಮ್ಯ. ಅಳಲಿಲ್ಲ. ಎದ್ದು ಹೋಗಿ ಹೊರಗೆ ವಾಂತಿ ಮಾಡಿ ಬಂದಳು.

ವಾಪಸು ಬಂದು ಆ ಸಂಖ್ಯೆಯನ್ನು ಎಡವಟ್ಟಾದ ಸಂಖ್ಯೆಗಳ ಪಟ್ಟಿಗೆ ಸೇರಿಸಲು ಹೋದರೆ ಯಂತ್ರ ಒಪ್ಪಲಿಲ್ಲ. ಈ ಸಂಖ್ಯೆ ಆಗಲೇ ಪಟ್ಟಿಯಲ್ಲಿದೆ ಅಂತ ತೋರಿಸಿತು. ತಾರೀಖು ನೋಡಿದೆವು. ಸಿದ್ದರಾಜು ಸಾಯುವ ಒಂಬತ್ತು ದಿನ ಮುಂಚಿನ ಭಾನುವಾರ.

ಯಾರೋ ಆ ಸಾವನ್ನು ಮೊದಲೇ ಓಡಿಸಿ ನೋಡಿದ್ದರು. ವೈರನ್ನು ಎಷ್ಟು ಹೊತ್ತು ಕಿತ್ತಿಟ್ಟರೆ ಗೇಟು ಬೀಳುತ್ತದೆ ಅಂತ ಇಲ್ಲಿ, ಈ ಕುರ್ಚಿಯಲ್ಲಿ ಕೂತು ಕಲಿತುಕೊಂಡು ಹೋಗಿದ್ದರು. ಪ್ರೋಗ್ರಾಮಿನ ತಪ್ಪು ಸೌಮ್ಯಳದ್ದು ಇರಬಹುದು. ವೈರು ಕಿತ್ತ ಕೈ ಬೇರೆ.

ಇಷ್ಟು ಸಿಕ್ಕಿದ್ದೇ ನನಗೆ ಸಾಕಾಯಿತು. ಅಲ್ಲೇ ನಾನು ಕೆಟ್ಟೆ.

ಸೌಮ್ಯ ಇನ್ನೂ ಏನೋ ಹೇಳುತ್ತಿದ್ದಳು. ಗುಂಡಿ ಒತ್ತಿದ ಮೇಲೆ 360 ಸೆಕೆಂಡು ಕಾಯುವ ಒಂದು ಸಾಲನ್ನು ಯಾರೋ ಸೇರಿಸಿದ್ದಾರೆ, ಅದು ತನ್ನದಲ್ಲ, ಯಾಕೆಂದು ತಿಳಿಯುತ್ತಿಲ್ಲ ಅಂದಳು. ಪ್ರತಿ ಸಲ ಓಡಿಸುವಾಗಲೂ ಯಾಕೆ ಓಡಿಸುತ್ತಿದ್ದೇವೆ ಅಂತ ಒಂದು ಸಾಲು ಬರೆಯಬೇಕು ಅನ್ನುವುದು ಅವಳು ಹಾಕಿದ್ದ ನಿಯಮ. ಅದನ್ನೂ ನೋಡಿ ಅಂತ ಪಟ್ಟಿಯ ಹಾಳೆ ಮುದ್ರಿಸಿ ಕೊಟ್ಟಳು. ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ಭಾನುವಾರ ಈ ಶೆಡ್ಡಿನ ಬೀಗದ ಕೈ ಇರುವುದು ಯಾರ ಹತ್ತಿರ ಅಂತ ಮಾತ್ರ ಯೋಚಿಸುತ್ತಿದ್ದೆ, ಅವಳನ್ನೇ ಕೇಳಲಿಲ್ಲ.

ಅವಳಿಗೆ ಇನ್ನೊಂದು ಉತ್ತರ ಬೇಕಿತ್ತು. ದೀಪ ಆರಿದ್ದನ್ನು ಸಿದ್ದರಾಜು ನೋಡಿದ್ದರೆ, ಆ ನಲವತ್ತು ಸೆಕೆಂಡಿನಲ್ಲಿ ಏಣಿ ಹತ್ತಿ ಮೇಲೆ ಬರಬಹುದಿತ್ತಾ? ಬರಬಹುದಿತ್ತು ಅಂದರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು ಅಂತ ಕಾಣುತ್ತದೆ. ಇವತ್ತೂ ಮಂಗಳವಾರ, ಅದೇ ಸರದಿ. ತಾನೇ ಹೋಗಿ ಅವನು ನಿಂತಲ್ಲಿ ನಿಂತು, ಹತ್ತಿ ನೋಡುತ್ತೇನೆ ಅಂದಳು. ಕೆಂಪು ಗುಂಡಿ ಒತ್ತಿಯೇ ಇಳಿಯುತ್ತೇನೆ, ವೈರು ಯಾರೂ ಮುಟ್ಟದಿದ್ದರೆ ಏನೂ ಆಗುವುದಿಲ್ಲ ಅಂದಳು.

ವೈರಿನ ಪೆಟ್ಟಿಗೆಗೆ ನಾನೇ ಬೀಗ ಹಾಕಿಸಿದ್ದೆ. ಪ್ರೋಗ್ರಾಮಿಗೆ ಯಾರೂ ಕೈ ಹಚ್ಚಬಾರದು, ಅದು ಸಾಕ್ಷ್ಯ ಅಂತ ತಪ್ಪನ್ನು ಹಾಗೇ ಉಳಿಸಿದವನೂ ನಾನೇ. ಬೀಗದ ಕೈ ಕೊಟ್ಟಿದ್ದು ಸಿದ್ದರಾಜುವಿನ ಮಗ ಪುನೀತನಿಗೆ. ಮಳವಳ್ಳಿ ಕಂಟ್ರೋಲ್ ರೂಮಿನ ಆಪರೇಟರು, ಇಪ್ಪತ್ತಾರರ ಹುಡುಗ, ಅಗಲ ಎದೆಯವನು. ಅಪ್ಪ ಸತ್ತ ದಿನದಿಂದ ನನ್ನ ಹಿಂದೆಯೇ ಓಡಾಡುತ್ತಿದ್ದ. ರಘುನಂದನನ ಹೆಸರು ಎತ್ತಿದರೆ ಸಾಕು, ಮಚ್ಚು ಹುಡುಕುತ್ತಿದ್ದ. ಸೌಮ್ಯಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಅವನೇ ಬೈಕು ತಂದ. ನನಗೆ ಸಂತೋಷವೇ ಆಯಿತು.

ದೇವಿರಮ್ಮನನ್ನು ಅವರ ಜೊತೆ ಕಳಿಸಬಹುದಿತ್ತು. ಇಲ್ಲಿ ಬಾಗಿಲು ಕಾಯಲು ಯಾರಾದರೂ ಬೇಕಿತ್ತಲ್ಲ.

ಹೀಗೆ ಹನ್ನೊಂದೂಮುಕ್ಕಾಲಿಗೆ ರಘುನಂದನನ ಕೈ ಡ್ರಾಯರಿನಲ್ಲಿತ್ತು.

ಕೈ ಹೊರಗೆ ತೆಗೆದ. ಹೆಬ್ಬೆಟ್ಟಿನ ಉಗುರು ಎದ್ದಿತ್ತು, ಅದರ ಕೆಳಗಿನ ಮಾಂಸ ಹಿಟ್ಟಾಗಿತ್ತು. ರಕ್ತ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು. ಭಾನುವಾರ ಇಲ್ಲಿ ಯಾಕೆ ಬಂದಿದ್ದೆ ಅಂತ ಕೇಳಿದೆ. ಬಂದಿಲ್ಲ ಅಂದ. ಕೆನ್ನೆಗೆ ಬಾರಿಸಿದೆ. ತುಟಿ ಸೀಳಿತು. ಮೈಸೂರಿನಲ್ಲಿ ಹೆಂಡತಿಯ ತಮ್ಮನ ನಿಶ್ಚಿತಾರ್ಥವಿತ್ತು, ಫೋಟೊ ಇದೆ ನೋಡಿ ಅಂತ ಎಡಗೈಯಿಂದ ಫೋನು ತಳ್ಳಿದ. ನಾನು ನೋಡಲಿಲ್ಲ. ಅವನ ಕುರ್ಚಿಯ ಕಾಲಿಗೆ ಒದ್ದೆ. ಕುರ್ಚಿಯ ಸಮೇತ ಉರುಳಿದ.

ನನ್ನ ಲೆಕ್ಕ ಸುಲಭವಾಗಿತ್ತು. ಆರು ತಿಂಗಳಿಂದ ಬೆಳಕವಾಡಿಯ ಗೇಟು ಸರದಿಯಿಲ್ಲದ ದಿನವೂ ಏಳುತ್ತಿತ್ತು, ಯಾರದೋ ಮೀನಿನ ಹೊಂಡಗಳಿಗೆ ನೀರು ಹೋಗುತ್ತಿತ್ತು. ಯಾರು ಏಳಿಸುತ್ತಾರೆ ಅಂತ ಸಿದ್ದರಾಜುವಿಗೆ ಗೊತ್ತಾಗಿತ್ತು. ಶುಕ್ರವಾರದ ನೀರಿನ ಸಭೆಯಲ್ಲಿ ಹೇಳುತ್ತೇನೆ ಅಂದಿದ್ದ. ಮಂಗಳವಾರವೇ ಸತ್ತ. ಗೇಟು ಇವನದ್ದು, ಯಂತ್ರ ಇವನದ್ದು, ಶೆಡ್ಡು ಇವನದ್ದು. ಇನ್ಯಾರು?

"ಒಂದೇ ಒಂದು ಹೇಳು," ಅಂದೆ. "ವೈರು ಕಿತ್ತವನು ಆಳು ಕೆಳಗಿಳಿದ ಮೇಲೇ ಕೀಳಬೇಕು. ಅವನು ಇಳಿದ ಅಂತ ನಿನಗೆ ಹೇಗೆ ಗೊತ್ತಾಯ್ತು?"

ರಘುನಂದನ ನೆಲದಲ್ಲಿ ಬಿದ್ದಲ್ಲಿಂದಲೇ ನನ್ನನ್ನು ನೋಡಿದ. ಪ್ರಶ್ನೆ ಅರ್ಥವಾಗದವನ ನೋಟ ಅದು.

"ಗುಂಡಿ ಒತ್ತಿದರೆ ಇಳಿದ ಹಾಗೇ ಅಲ್ವಾ ಸಾರ್. ಹತ್ತು ಸೆಕೆಂಡ್ ಅಂತ ನಾವು ಲೆಕ್ಕ ಇಟ್ಟಿದ್ದೇವೆ. ಒತ್ತಿ ಮೇಲೆ ಯಾಕೆ ಕೂತಿರ್ತಾರೆ?"

ಕಳ್ಳ ಸುಳ್ಳು ಹೇಳುವಾಗ ಮಾತು ಉದ್ದವಾಗುತ್ತದೆ. ಇವನ ಮಾತು ಉದ್ದವಿರಲಿಲ್ಲ. ನನ್ನ ಕೈ ಅಲ್ಲೇ ನಿಂತಿತು.

ಹತ್ತು ಸೆಕೆಂಡು. ಆದರೆ ಆ ಭಾನುವಾರ ಓಡಿಸಿದವನು 360 ಅಂತ ಇಟ್ಟಿದ್ದ. ಆರು ನಿಮಿಷ.

ಜೇಬಿನಿಂದ ಹಾಳೆ ತೆಗೆದೆ. ತಾರೀಖು, ಸಂಖ್ಯೆ, ಕೊನೆಯಲ್ಲಿ ಯಾಕೆ ಓಡಿಸುತ್ತಿದ್ದೇವೆ ಅನ್ನುವ ಜಾಗ. ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲವಲ್ಲ, ಏನೋ ಒಂದು ತುಂಬಿಸಿದ್ದ. ಎರಡೇ ಪದ.

ಎಲೆ 360.

"ಇದೇನು?" ಅಂತ ಹಾಳೆಯನ್ನು ರಘುನಂದನನ ಮುಖಕ್ಕೆ ಹಿಡಿದೆ. ಅವನು ರಕ್ತ ಉಗುಳಿ ಓದಿದ. ಗೊತ್ತಿಲ್ಲ ಅಂದ. ನಮ್ಮ ಕೆಲಸದಲ್ಲಿ ಹಾಗೊಂದು ಮಾತೇ ಇಲ್ಲ ಅಂದ.

ನನಗೆ ಗೊತ್ತಿತ್ತು. ನಿನ್ನೆಯೇ ಕೇಳಿದ್ದೆ, ಶೂ ಹಾಕಿಕೊಳ್ಳುತ್ತಾ.

ನಿನ್ನೆ ಸಂಜೆ ಬೆಳಕವಾಡಿಯಲ್ಲಿ ಸಿದ್ದರಾಜುವಿನ ಹೆಂಡತಿ ಚಿಕ್ಕಬೋರಮ್ಮ ಜಗಲಿಯ ಮೇಲೆ ಕೂತು ಮಾತಾಡಿದಳು. ಎರಡು ವಾರದಿಂದ ಮಾತಾಡಿರದ ಹೆಂಗಸು. ಗೇಟು ಏಳಿಸುವವರು ಯಾರು ಅಂತ ಗಂಡನನ್ನು ಎಷ್ಟೋ ಸಲ ಕೇಳಿದ್ದಳಂತೆ. "'ಎಸ್ರು ಬಾಯಿಗೆ ಬರಾಕಿಲ್ಲ ಕಣೆ ಬೋರಿ, ಸಭೇಲೂ ಅದೆಂಗ್ ಏಳ್ಳಿ' ಅಂತ ಗೋಡೆ ಕಡೀಕೆ ತಿರುಕ್ಕಂಡ್ ಅತ್ಬುಟ್ಟ ಸೋಮಿ," ಅಂದಳು. ಶತ್ರುವಿನ ಹೆಸರು ಹೇಳಲು ಯಾರೂ ಗೋಡೆ ಕಡೆ ತಿರುಗಿ ಅಳುವುದಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ನಾನು ಹೊರಡಲು ಎದ್ದಾಗ ಅವಳು ವೀಳ್ಯದೆಲೆಯ ವಿಷಯ ತೆಗೆದಳು. ತೂಬಿಗೆ ಇಳಿಯುವ ಮೊದಲು ಸಿದ್ದರಾಜು ಗೇಟನ್ನು ಕೈಯಿಂದ ಎತ್ತಿಳಿಸುವ ಚಕ್ರಕ್ಕೆ ಟವಲ್ ಕಟ್ಟುತ್ತಿದ್ದ. ಅದು ಕಾಲುವೆಯವರಿಗೆಲ್ಲ ಗೊತ್ತು, ಟವಲ್ ಇದ್ದರೆ ಯಾರೂ ಚಕ್ರ ಮುಟ್ಟುವುದಿಲ್ಲ. ಆದರೆ ಇನ್ನೊಂದು ಕೆಲಸ ಅವನು ಯಾರಿಗೂ ಕಾಣದ ಹಾಗೆ ಮಾಡುತ್ತಿದ್ದ. ಗುಂಡಿ ಒತ್ತಿದ ಮೇಲೆ, ನೀರು ಬರುವ ದಿಕ್ಕಿನ ಹೊಂಗೆ ಮರದ ಹತ್ತಿರ ಹೋಗಿ ನೀರಿಗೆ ಒಂದು ವೀಳ್ಯದೆಲೆ ಬಿಡುತ್ತಿದ್ದ. ಅದು ತೇಲಿ ತೂಬಿಗೆ ಬರುವವರೆಗೆ ಕೂತಿರುತ್ತಿದ್ದ. ನೀರಿನ ಸೆಳೆತ ಇಳಿದಿದ್ದರೆ ಎಲೆ ನಿಧಾನವಾಗಿ ಬರುತ್ತದೆ. ಆರು ನಿಮಿಷಕ್ಕಿಂತ ಬೇಗ ಬಂದರೆ ಇಳಿಯುವುದಿಲ್ಲ, ಬೈದರೂ ಇಳಿಯುವುದಿಲ್ಲ. ಜನ ನಗುತ್ತಾರೆ ಅಂತ ಹೊರಗೆ ಹೇಳಿರಲಿಲ್ಲ.

"ನಂಗೊಬ್ಳಿಗ್ ಗೊತ್ತು," ಅಂದಿದ್ದಳು ಚಿಕ್ಕಬೋರಮ್ಮ. "ಪುನೀತ ಸಣ್ಣೋನಿದ್ದಾಗ ಎಲೆ ಬುಡೋದು ಅವ್ನೇ. ಅಪ್ಪನ್ ಎಗ್ಲ ಮೇಲ್ ಕೂತ್ಕಂಡ್ ಬುಡೋನು."

ಮಳವಳ್ಳಿಯ ಕಂಟ್ರೋಲ್ ರೂಮಿನಲ್ಲಿ ಕೂತವನು ಸರದಿಯಿಲ್ಲದ ದಿನವೂ ಗೇಟು ಏಳಿಸಬಲ್ಲ.

ಅಷ್ಟೇ ಅಲ್ಲ. ಪಂಚನಾಮೆಯಲ್ಲಿ ನಾನೇ ಬರೆದಿದ್ದೆ: ಏಣಿ ದಡದ ಮೇಲೆ ಮಲಗಿತ್ತು. ಹೆಣ ತೆಗೆಯಲು ಊರವರು ಎಳೆದಿರಬೇಕು ಅಂತ ಷರಾ ಸೇರಿಸಿದ್ದೆ. ಊರವರನ್ನು ಕೇಳಿರಲಿಲ್ಲ.

ರಘುನಂದನನ ಕಾಲರ್ ಹಿಡಿದು ಎತ್ತಿ ಕೂರಿಸಿದೆ. ಈ ಯಂತ್ರ ಓಡಿಸಲು ಸೌಮ್ಯಳನ್ನು ಬಿಟ್ಟು ಇನ್ಯಾರಿಗೆ ಬರುತ್ತದೆ ಅಂತ ಕೇಳಿದೆ.

"ಮಳವಳ್ಳಿಯ ಆಪರೇಟರ್ ಸಾರ್. ಎರಡು ತಿಂಗಳು ಟ್ರೈನಿಂಗಿಗೆ ಬಂದಿದ್ದ. ಸೌಮ್ಯನೇ ಪಕ್ಕ ಕೂರಿಸಿಕೊಂಡು ಕಲಿಸಿದ್ಲು. ಬೇಗ ಕಲಿತಾನೆ ಅಂತ ಭಾನುವಾರವೂ ಬರೋಕೆ ಬೀಗದ ಕೈ ಕೊಟ್ಟಿದ್ಲು."

ಗೋಡೆಯ ಗಡಿಯಾರದಲ್ಲಿ ಹನ್ನೆರಡು ದಾಟಿ ಆರು ನಿಮಿಷವಾಗಿತ್ತು.

ಬೆಳಕವಾಡಿ ಇಲ್ಲಿಂದ ಒಂದೂಕಾಲು ಗಂಟೆಯ ದಾರಿ. ದೇವಿರಮ್ಮನಿಗೆ ಠಾಣೆಗೆ ಫೋನು ಮಾಡು ಅಂದೆ. ಅವಳು ಆಗಲೇ ಮಾಡುತ್ತಿದ್ದಳು. ಹತ್ತಿರದ ಜೀಪು ಇಪ್ಪತ್ತು ನಿಮಿಷ ದೂರದಲ್ಲಿತ್ತು.

ನಾನು ಸೌಮ್ಯಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಮೂರನೇ ರಿಂಗಿಗೆ ಎತ್ತಿದಳು. ಹಿಂದೆ ನೀರಿನ ಸದ್ದು, ಮಾತು ಬಾವಿಯೊಳಗಿನಿಂದ ಬಂದ ಹಾಗೆ ಗುಂಯ್‌ಗುಡುತ್ತಿತ್ತು. ಅವಳು ಆಗಲೇ ಕೆಳಗಿದ್ದಳು.

"ಒಂದು ವಿಷಯ ಗೊತ್ತಾ ಸಾರ್," ಅಂದಳು. ಹದಿನಾಲ್ಕು ದಿನದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಸ್ವಲ್ಪ ಗೆಲುವಿತ್ತು. "ಸಿದ್ದರಾಜು ಅವರು ನೀರಿಗೆ ಎಲೆ ಬಿಟ್ಟು, ಅದು ಬಂದ ಮೇಲೇ ಇಳಿಯುತ್ತಿದ್ದರಂತೆ. ಪುನೀತ್ ಈಗ ಬಿಟ್ಟು ತೋರಿಸಿದ. ಅದು ಬರೋಕೆ ಸರಿಯಾಗಿ ಆರು ನಿಮಿಷ. ಸಾರ್, ಆ 360..."

ಮಾತು ಅಲ್ಲಿಗೇ ನಿಂತಿತು. ಹೇಳುತ್ತಾ ಹೇಳುತ್ತಾ ಅವಳಿಗೂ ಗೊತ್ತಾಗಿಹೋಗಿತ್ತು.

ಹತ್ತಿ ಬಾ ಅಂತ ನಾನು ಅರಚಿದೆ. ಫೋನಿನಲ್ಲಿ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಕೇಳಿಸಿತು.

"ದೀಪ ಆರಿತು ಸಾರ್," ಅಂದಳು ಸೌಮ್ಯ. ಆಮೇಲೆ, ತೀರಾ ಸಣ್ಣ ದನಿಯಲ್ಲಿ, "ಏಣಿ ಮೇಲಕ್ಕೆ ಹೋಯ್ತು."

ದೂರದಿಂದ, ದಡದ ಮೇಲಿಂದ, ಪುನೀತನ ದನಿ ಬಂತು. ಕೋಪವೇನೂ ಇರಲಿಲ್ಲ ಅದರಲ್ಲಿ.

"ಕೂಗ್ಬ್ಯಾಡ ಕಣಕ್ಕ. ನಮ್ಮಪ್ಪನೂ ಕೂಗ್ನಿಲ್ಲ."

ನಾನು ಆ ತೂಬನ್ನು ನೋಡಿದವನು. ಮೇಲೆ ಗೇಟು, ಬೆನ್ನಿಗೆ ಕಂಬಿಯ ಜಾಲರಿ, ಎರಡೂ ಪಕ್ಕ ಪಾಚಿ ಹಿಡಿದ ಕಲ್ಲಿನ ಗೋಡೆ, ಎದುರಿನಿಂದ ನೀರು ಜಾಲರಿಗೆ ಒತ್ತುತ್ತಲೇ ಇರುತ್ತದೆ. ಸರಿದು ನಿಲ್ಲಲು ಒಂದು ಗೇಣು ಜಾಗವಿಲ್ಲ.

"ನಿಲ್ಲಿಸೋದು ಹೇಗೆ?" ಅಂತ ರಘುನಂದನನ ಕಡೆ ತಿರುಗಿದೆ.

ಅವನು ಎಡಗೈಯಿಂದ ಮೇಜಿನ ತುದಿ ಹಿಡಿದು ಎದ್ದಿದ್ದ. ನೋಟೀಸು ಅಂಟಿಸಿ ಹೆಣ್ಣುಮಗಳನ್ನು ಊರಿನ ಬಾಯಿಗೆ ಕೊಟ್ಟವನು, ಹಿಂಬಾಗಿಲಿನಿಂದ ಓಡಿದವನು, ಈಗ ಓಡಲಿಲ್ಲ. ಬಾಯಿಯ ರಕ್ತ ಒರೆಸಿಕೊಂಡು ಕಂಪ್ಯೂಟರಿನ ಪರದೆಯಲ್ಲಿ ಬೆಳಕವಾಡಿ ಅಂತ ಹುಡುಕಿ ತೆಗೆದ. ಕೆಂಪು ಚೌಕ ಬಂತು. ತುರ್ತು ತಡೆ.

ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಗಾಜು ಹಸಿರಾಗಿ ಮಿಣುಕಿತು.

"ಮಳವಳ್ಳಿಯಿಂದ ತಡೀಬೇಕು ಅಂದ್ರೆ ಆಪರೇಟರ್ ಹೆಬ್ಬೆಟ್ಟು ಬೇಕು," ಅಂದ ಅವನು. "ಅಂದ್ರೆ ಪುನೀತಂದು. ಇಲ್ಲಿಂದ ತಡೀಬೇಕು ಅಂದ್ರೆ ನಂದು. ಬಲಗೈದು."

ನಾವಿಬ್ಬರೂ ಆ ಹೆಬ್ಬೆಟ್ಟನ್ನು ನೋಡಿದೆವು.

ಅವನೇ ಅದನ್ನು ಗಾಜಿನ ಮೇಲೆ ಇಟ್ಟ. ನೋವಿಗೆ ಕಣ್ಣುಗುಡ್ಡೆ ಮೇಲೆ ಹೋದವು, ಆದರೂ ಒತ್ತಿದ. ಗಾಜು ಕೆಂಪಾಯಿತು. ಗುರುತು ಹೊಂದುತ್ತಿಲ್ಲ.

ಸ್ಪೀಕರಿನಲ್ಲಿ ಸೌಮ್ಯ ಎಣಿಸುತ್ತಿದ್ದಳು. ಸಮಯ ಎಷ್ಟಿದೆ ಅನ್ನುವುದು ಲೋಕದಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹದಿನೆಂಟು. ಹತ್ತೊಂಬತ್ತು. ನಡುನಡುವೆ ಉಗುರು ಕಲ್ಲಿಗೆ ಕೆರೆಯುವ ಸದ್ದು.

ಅಂಗಿಯ ತುದಿಯಿಂದ ಗಾಜು ಒರೆಸಿದೆ. ಅವನ ಹೆಬ್ಬೆಟ್ಟು ಒರೆಸಿದೆ. ಒರೆಸಿದ ಹಾಗೆಲ್ಲ ರಕ್ತ ಮತ್ತೆ ಒಸರಿತು. ದೇವಿರಮ್ಮ ಓಡಿಬಂದು ತನ್ನ ಕರ್ಚೀಫು ತೆಗೆದು ಅವನ ಬೆರಳಿನ ಬುಡಕ್ಕೆ ಬಿಗಿದು ಕಟ್ಟಿದಳು. ಚರ್ಮದ ಒಂದು ತುಂಡು ಉಗುರಿನ ಕಡೆಗೆ ಜೋತಾಡುತ್ತಿತ್ತು. ಗೆರೆಗಳೆಲ್ಲ ಅದರ ಮೇಲೇ ಇದ್ದವು. ನಾನು ಅದನ್ನು ನನ್ನ ಬೆರಳಿನಿಂದ ಅದರ ಜಾಗಕ್ಕೆ ಕೂರಿಸಿದೆ. ಅವನು ಹಲ್ಲು ಕಚ್ಚಿಕೊಂಡ. ಕ್ಷಮಿಸು ಅಂದೆ. ಹದಿನೆಂಟು ವರ್ಷದಲ್ಲಿ ಯಾರಿಗೂ ಅಂದಿರಲಿಲ್ಲ.

ಎರಡನೆಯ ಸಲ ಒತ್ತಿದೆವು. ಕೆಂಪು.

ಮೂವತ್ತೊಂದು, ಅಂದಳು ಸೌಮ್ಯ. ಮೂವತ್ತೆರಡು.

"ಸಾರ್, ಇನ್ನೊಂದೇ ಸಲ," ಅಂದ ರಘುನಂದನ. "ಮೂರು ಸಲ ತಪ್ಪಿದರೆ ಹತ್ತು ನಿಮಿಷ ಬೀಗ ಬೀಳುತ್ತೆ."

ಪ್ರೋಗ್ರಾಮು ಹಾಗೆ ಬರೆದಿದ್ದು ಯಾರು ಅಂತ ನಾನು ಕೇಳಲಿಲ್ಲ. ಫೋನಿನ ಆಚೆ ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಎಣಿಸುವುದನ್ನು ಅವಳು ಒಂದು ಗಳಿಗೆ ನಿಲ್ಲಿಸಿದಳು.

"ಉಸಿರು ಬಿಡ್ಬೇಡಿ ಅದರ ಮೇಲೆ," ಅಂದಳು. "ತೇವ ಇದ್ದರೆ ತಗೊಳ್ಳಲ್ಲ. ನಿಧಾನಕ್ಕೆ ಇಡಿ ಸಾರ್. ಮೂವತ್ತೈದು."

ನಾನು ಉಸಿರು ಕಟ್ಟಿಕೊಂಡು, ನಾನೇ ಮುರಿದ ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದು, ಗಾಜಿನ ಮೇಲೆ ಇಟ್ಟೆ.